ಮನ್ಮಾಡದಿಂದ ಕವಲೊಡೆದ ಸೇವೆಯ ದಾರಿಗಳು

ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗುವ ನಮ್ಮವರಿಗೆ ಮನ್ಮಾಡ್ ಎಂದರೆ ಶಿರಡಿಯ ಭಕ್ತರು ಇಳಿಯುವ ಜಂಕ್ಷನ್. ಪಶ್ಚಿಮಕ್ಕೆ ಹೊರಟರೆ ನಾಸಿಕ, ಪೂರ್ವಕ್ಕೆ ಔರಂಗಾಬಾದ್ ದಾಟಿ ಜಾಲನಾ, ದಕ್ಷಿಣಕ್ಕೆ ಅಹ್ಮದ್‌ನಗರ, ದೌಂಡ್, ಸೊಲ್ಲಾಪುರ, ಕಲಬುರಗಿ. ಈ ಹಳಿಗಳ ಆಚೀಚೆ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದ ಕ್ರೈಸ್ತ ಸೇವೆಯ ಕಥೆಯನ್ನು ಸಾಮಾನ್ಯವಾಗಿ ದೂರದೇಶದ ಪಾದ್ರಿಗಳ ಕಥೆಯಾಗಿ ಹೇಳುತ್ತಾರೆ. ಆಸರೆ ಪಡೆದವರೇ ಆಸರೆ ಕೊಡುವವರಾದ ಕಥೆಯಾಗಿ ಅದನ್ನು ಓದುವುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ.

ನಾಸಿಕದ ಶರಣಪುರವನ್ನೇ ನೋಡಿ. 1854ರಲ್ಲಿ ಚರ್ಚ್ ಮಿಷನರಿ ಸೊಸೈಟಿಯ ವಿಲಿಯಂ ಸಾಲ್ಟರ್ ಪ್ರೈಸ್ ಕಟ್ಟಿದ ನೆಲೆ ಅದು. ಗುಲಾಮರ ಹಡಗುಗಳಿಂದ ಬಿಡಿಸಿ ತಂದ ಆಫ್ರಿಕದ ಮಕ್ಕಳು ಅಲ್ಲಿ ಓದು ಕಲಿತರು, ಬಡಗಿತನ, ಕಮ್ಮಾರಿಕೆ ಕಲಿತರು. 1873ರಲ್ಲಿ ಮಿಷನರಿ, ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕದ ಒಳನಾಡಿನಲ್ಲಿ ಸತ್ತಾಗ ಅವನ ದೇಹವನ್ನು ಕರಾವಳಿಗೆ ಹೊತ್ತು ತಂದವರಲ್ಲಿ ಜೇಕಬ್ ವೇನ್‌ರೈಟ್ ಇದ್ದ. ಅವನು ಈ ನಾಸಿಕದ ಹುಡುಗ. ಮುಂದೆ 1875ರಲ್ಲಿ ಮೊಂಬಾಸಾ ಬಳಿ ಬಿಡುಗಡೆಯಾದ ಗುಲಾಮರಿಗಾಗಿ ಫ್ರೀಯರ್‌ಟೌನ್ ಎದ್ದಿತು. ಅಲ್ಲಿ ದುಡಿದವರಲ್ಲಿ ಶರಣಪುರದಲ್ಲಿ ಬೆಳೆದವರೂ ಇದ್ದರು.

ಪೂರ್ವದ ಜಾಲನಾದಲ್ಲಿ, 1843ರಲ್ಲಿ ದೀಕ್ಷಾಸ್ನಾನ ಪಡೆದ ನಾರಾಯಣ ಶೇಷಾದ್ರಿ ಬೆಥೆಲ್ ಎಂಬ ಹಳ್ಳಿಯನ್ನೇ ನಿರ್ಮಿಸಿದರು. ಸೇವೆಯ ಮುಂದಾಳತ್ವ ಇಲ್ಲಿಯವರ ಕೈಗೆ ಬಂದದ್ದು ಅಲ್ಲಿ ಮುಖ್ಯ.

ಆದರೆ ಈ ಚರಿತ್ರೆ ನಿಜಕ್ಕೂ ಮಗ್ಗುಲು ಬದಲಿಸಿದ್ದು ಪಂಡಿತಾ ರಮಾಬಾಯಿಯವರಿಂದ. ಕಾರ್ಕಳದ ಬಳಿಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. ಹುಟ್ಟಿದ್ದು 1858ರಲ್ಲಿ, ಘಟ್ಟದ ಗಂಗಾಮೂಲದಲ್ಲಿ. ಪುರಾಣ ಓದುತ್ತ ಊರೂರು ಅಲೆದ ಕುಟುಂಬವದು. ಬರಗಾಲ ತಂದೆ, ತಾಯಿ, ಅಕ್ಕ ಮೂವರನ್ನೂ ಕಿತ್ತುಕೊಂಡಿತು. ಹಸಿವನ್ನು ಹೊಟ್ಟೆಯಿಂದಲೇ ಬಲ್ಲವರಾದ್ದರಿಂದ ಅವರ ಕೆಲಸದಲ್ಲಿ ಅಯ್ಯೋ ಪಾಪದ ಧಾಟಿ ಕಾಣುವುದಿಲ್ಲ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಅಷ್ಟರಲ್ಲಿ ಕ್ರೈಸ್ತರಾಗಿದ್ದ ಅವರ ಪ್ರಾರ್ಥನೆಗೆ ಹುಡುಗಿಯರೂ ಬಂದು ಕೂರುತ್ತಾರೆಂಬ ಗದ್ದಲ ಎದ್ದು, 1893ರಲ್ಲಿ ಸುಧಾರಕರಾದ ರಾನಡೆ, ಭಂಡಾರಕರ್ ಮೊದಲಾದ ಹಿತೈಷಿಗಳು ಸಲಹಾ ಸಮಿತಿ ಬಿಟ್ಟರು. ಪಾಲಕರು ಹುಡುಗಿಯರನ್ನು ಕರೆದೊಯ್ದರು. ಆ ಆಕ್ಷೇಪವನ್ನು ಬರೀ ಸಂಪ್ರದಾಯಸ್ಥರ ಕೂಗು ಎಂದು ತಳ್ಳಿಹಾಕಲಾಗದು. ಅನ್ನ ಕೊಟ್ಟ ಕೈಯೇ ನಂಬಿಕೆಯನ್ನೂ ಮುಂದಿಟ್ಟಾಗ, ಉಂಡವರು ಬೇಡವೆನ್ನುವುದು ಎಷ್ಟು ಸುಲಭ? ಸೇವೆಯ ನಿಸ್ವಾರ್ಥವನ್ನು ಅಳೆಯುವವರು ಈ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ.

ಮೇಲ್ಜಾತಿಯ ಮನೆಗಳ ಬೆಂಬಲ ಕುಗ್ಗಿದ ಮೇಲೆ, 1896–97ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತಕ್ಕೆ ಹೋಗಿ ಅನಾಥರಾದ ನೂರಾರು ಹುಡುಗಿಯರನ್ನು ಕರೆತಂದರು. ದೌಂಡ್–ಪುಣೆ ದಾರಿಯ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಬೆಳೆಯಿತು. ಹೊಲ, ಹೈನು, ಮಗ್ಗ, ಎಣ್ಣೆಗಾಣ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡರಿಗೆ ಬ್ರೈಲ್ ಕಲಿಕೆಯೂ ಇತ್ತು. ರಮಾಬಾಯಿ ಮರಾಠಿಗೆ ಅನುವಾದಿಸಿದ ಬೈಬಲ್ಲಿಗೆ ಮೊಳೆ ಜೋಡಿಸಿದವರೂ ಇವರೇ. ಅದು ಹೊರಬಂದದ್ದು 1924ರಲ್ಲಿ, ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ.

ಕನ್ನಡ ಓದುಗರು ಮರೆತ ಎಳೆಯೊಂದಿದೆ. 1912ರಲ್ಲಿ ನಿಜಾಮರ ಆಡಳಿತದ ಕಲಬುರಗಿಯಲ್ಲಿ ರಮಾಬಾಯಿ ಶಾಲೆ ಆರಂಭಿಸಿದಾಗ ಅದರ ಮುಖ್ಯಸ್ಥೆಯಾದವರು ಮಗಳು ಮನೋರಮಾ. ಮಾಳದಿಂದ ಹೊರಬಿದ್ದ ಮನೆತನ ಹೀಗೆ ಕನ್ನಡದ ನೆಲಕ್ಕೆ ಇನ್ನೊಂದು ಬಾಗಿಲಿಂದ ಬಂತು. 1921ರಲ್ಲಿ ತಾಯಿಗಿಂತ ಮೊದಲೇ ಮಗಳು ಹೋದರು.

ಈ ಹಳಿಗಳಿಂದ ದೂರದಲ್ಲಿ ವೈದ್ಯಕೀಯ ಸೇವೆ ಬೇರೆ ದಾರಿ ಹಿಡಿಯಿತು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆಯಾಯಿತು. ಮಿರಜದಲ್ಲಿ ವಿಲಿಯಂ ವಾನ್ಲೆಸ್ 1894ರಲ್ಲಿ ತೆರೆದ ಆಸ್ಪತ್ರೆಗೆ ಬೆಳಗಾವಿ, ವಿಜಯಪುರ ಸೀಮೆಯ ರೋಗಿಗಳೂ ಹೋದರು. 1897ರಲ್ಲೇ ಅಲ್ಲಿ ವೈದ್ಯಶಾಲೆ ಆರಂಭವಾಗಿ ಇಲ್ಲಿನ ಹುಡುಗರು ಕಲಿತರು. ಸೇವೆಗೆ ಮರುಕವೊಂದೇ ಸಾಲದು, ಪಳಗಿದ ಕೈ ಬೇಕು ಎಂಬುದು ಆಗ ನಿಚ್ಚಳವಾಯಿತು.

ಸ್ವಾತಂತ್ರ್ಯಾನಂತರ ಸರ್ಕಾರವೇ ಶಾಲೆ, ಆಸ್ಪತ್ರೆ ಕಟ್ಟಿತು. ಮುಕ್ತಿ ಮಿಷನ್ ಕೇಡಗಾಂವ್‌ನಲ್ಲಿ ಈಗಲೂ ಇದೆ. ಆದರೆ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳ ಯಾವ ಆಶ್ರಯಧಾಮವೂ ನೋಂದಣಿಯಾಗಲೇಬೇಕು; ಮಗು ಎಲ್ಲಿರಬೇಕೆಂದು ನಿರ್ಧರಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ, ಸಾಧ್ಯವಾದರೆ ಕುಟುಂಬಕ್ಕೇ ಮರಳಿಸುವುದು ಮೊದಲ ಗುರಿ. ಬರದ ಊರಿಗೆ ಹೋಗಿ ಮಕ್ಕಳನ್ನು ಜತೆಗೆ ಕರೆತರುವುದು ರಮಾಬಾಯಿಯವರಿಗೂ ಇಂದು ಆಗದ ಮಾತು.