ಕದ್ರಿಯ ಮಂಜುನಾಥ ಮತ್ತು ಒಂದು ಹಳೆಯ ವಿಹಾರ

ನಮ್ಮ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಯಾವುದಾದರೂ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಮಂಜುನಾಥಾ" ಅಂತ ಜೋರಾಗಿ ಕೂಗಿ ನೋಡಿ. ಕಡಿಮೆ ಅಂದರೂ ನಾಲ್ಕು ತಲೆ ತಿರುಗುತ್ತವೆ. ಇಂಜಿನಿಯರಿಂಗ್ ಓದುವಾಗ ನಮ್ಮ ಕ್ಲಾಸಿನಲ್ಲೇ ಮೂರು ಮಂಜುನಾಥರಿದ್ದರು, ಇನಿಷಿಯಲ್ ಸೇರಿಸಿ ಕರೆಯದಿದ್ದರೆ ಮೂವರೂ ಎದ್ದು ನಿಲ್ಲುತ್ತಿದ್ದರು :) ಮನೆಯಲ್ಲಿ ತೆಲುಗು ಮಾತಾಡುವವರೂ ನಮ್ಮ ಕಡೆ ಮಗನಿಗೆ ಇದೇ ಹೆಸರಿಡುತ್ತಾರೆ. 2001ರಲ್ಲಿ 'ಶ್ರೀ ಮಂಜುನಾಥ' ಸಿನಿಮಾ ಕನ್ನಡ, ತೆಲುಗು ಎರಡರಲ್ಲೂ ಬಂದದ್ದು ಹೇಳಿ ಮಾಡಿಸಿದ್ದು ನಮ್ಮಂಥ ಊರುಗಳಿಗೇ ಇರಬೇಕು.

ಈ ಹೆಸರೆಲ್ಲ ಬಂದದ್ದು ಧರ್ಮಸ್ಥಳದಿಂದ. ಧರ್ಮಸ್ಥಳಕ್ಕೆ ಎಲ್ಲಿಂದ ಬಂತು? ಅಣ್ಣಪ್ಪ ದೈವ ಮಂಗಳೂರಿನ ಕದ್ರಿಯಿಂದ ಲಿಂಗವನ್ನು ತಂದಿತು, ಸೋದೆಯ ವಾದಿರಾಜರು ಪ್ರತಿಷ್ಠೆ ಮಾಡಿದರು ಅಂತ ಐತಿಹ್ಯ. ವಾದಿರಾಜರ ಕಾಲ ಅಂದರೆ 16ನೇ ಶತಮಾನ. ಸರಿ, ಹಾಗಾದರೆ ಕದ್ರಿಗೆ? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಸುಮ್ಮನಿರಲು ಆಗಲಿಲ್ಲ. ಒಂದು ಶುಕ್ರವಾರ ರಾತ್ರಿ ಆಫೀಸು ಮುಗಿಸಿ ಬೆಂಗಳೂರಿನಿಂದ ಮಂಗಳೂರಿನ ಬಸ್ ಹತ್ತಿದೆ.

ಕದ್ರಿ ದೇವಸ್ಥಾನ ಗುಡ್ಡದ ಬುಡದಲ್ಲಿದೆ. ಅಲ್ಲಿಂದ ಸಮುದ್ರ ಕೆಲವೇ ಕಿಲೋಮೀಟರ್. ನಮ್ಮ ಬಯಲುಸೀಮೆಯವರಿಗೆ ಆ ಉಪ್ಪು ಗಾಳಿ, ಬೆಳಗ್ಗೆ ಆರಕ್ಕೇ ಅಂಟುವ ಅಂಗಿ ಎಲ್ಲ ಹೊಸದು. ದೇವಸ್ಥಾನದ ಹಿಂದೆ ಗೋಮುಖದಿಂದ ನೀರು ಬಿದ್ದು ಕೆರೆಗಳಿಗೆ ಹೋಗುತ್ತದೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಜೋಗಿ ಮಠ, ಇನ್ನೂ ಮುಂದೆ ಮುರಕಲ್ಲಿನಲ್ಲಿ ಕೊರೆದ ಗುಹೆಗಳು. ಜನ ಅವನ್ನು ಪಾಂಡವರ ಗುಹೆ ಅನ್ನುತ್ತಾರೆ. (ಪಾಂಡವರು ವನವಾಸದಲ್ಲಿ ಕರ್ನಾಟಕದ ಒಂದು ಬೆಟ್ಟವನ್ನೂ ಬಿಟ್ಟ ಹಾಗಿಲ್ಲ, ನಮ್ಮ ಕೈವಾರವನ್ನೂ ಸೇರಿಸಿ.)

ಗರ್ಭಗುಡಿಯಲ್ಲಿರುವುದು ಲಿಂಗ. ಆದರೆ ನಾನು ನೋಡಲು ಹೋದದ್ದು ಗರ್ಭಗುಡಿಯ ಹೊರಗಿರುವ ಒಂದು ಕಂಚಿನ ಮೂರ್ತಿಯನ್ನು. ಸುಮಾರು ಐದು ಅಡಿ ಎತ್ತರ, ಕುಳಿತ ಭಂಗಿ, ಮೂರು ಮುಖ, ಆರು ಕೈ. ಮೂರು ಮುಖ ನೋಡಿದ ಕೂಡಲೇ ಬ್ರಹ್ಮ ಇರಬೇಕು ಅನ್ನಿಸುತ್ತದೆ. ಅಲ್ಲ. ಪೀಠದ ಮೇಲೆ ಹೆಸರು ಕೆತ್ತಿದೆ: ಲೋಕೇಶ್ವರ. ಅಂದರೆ ಮಹಾಯಾನ ಬೌದ್ಧರ ಅವಲೋಕಿತೇಶ್ವರ, ಲೋಕದ ಕಷ್ಟ ನೋಡಿ ಮುಕ್ತಿಯನ್ನೇ ಮುಂದೂಡಿದ ಕರುಣೆಯ ಬೋಧಿಸತ್ವ. ದಕ್ಷಿಣ ಭಾರತದ ಅತ್ಯುತ್ತಮ ಕಂಚಿನ ಮೂರ್ತಿಗಳಲ್ಲಿ ಇದೂ ಒಂದು ಅಂತ ಬಲ್ಲವರು ಹೇಳುತ್ತಾರೆ. ನನಗೆ ಶಿಲ್ಪಶಾಸ್ತ್ರ ಗೊತ್ತಿಲ್ಲ. ಆದರೆ ಆ ಮುಖದ ಶಾಂತಿ ನೋಡಲು ಶಾಸ್ತ್ರ ಬೇಕಾಗಿಲ್ಲ.

ಪೀಠದ ಶಾಸನ ಸಂಸ್ಕೃತದಲ್ಲಿದೆ. ಅದರಲ್ಲಿ ಕಾಲ ಸ್ಪಷ್ಟ: ಕಲಿಯುಗದ 4068 ವರ್ಷ ಕಳೆದು ಮತ್ತೆ ಒಂಬತ್ತು ತಿಂಗಳು. ಲೆಕ್ಕ ಸುಲಭ, 3101 ಕಳೆಯಿರಿ, 967 ಸಿಗುತ್ತದೆ. ಒಂಬತ್ತು ತಿಂಗಳು ಸೇರಿಸಿದರೆ 968ರ ಜನವರಿ. ಶ್ರವಣಬೆಳಗೊಳದ ಗೊಮ್ಮಟ ಆಗಿನ್ನೂ ಬಂಡೆಯೊಳಗೇ ಇದ್ದ! ಮೂರ್ತಿಯನ್ನು ಇಡಿಸಿದವನು ಆಳುಪ ರಾಜ ಕುಂದವರ್ಮ. ತುಳುನಾಡನ್ನು ನೂರಾರು ವರ್ಷ ಆಳಿದ ಆಳುಪರ ಪ್ರಸ್ತಾಪ ನಮ್ಮ ಹಲ್ಮಿಡಿ ಶಾಸನದಲ್ಲೂ ಬರುತ್ತದೆ. ಮೂರ್ತಿ ಇಟ್ಟ ಜಾಗದ ಹೆಸರು 'ಕದಿರಿಕಾ ವಿಹಾರ'. ವಿಹಾರ ಅಂದರೆ ಬೌದ್ಧ ಭಿಕ್ಷುಗಳು ಇರುತ್ತಿದ್ದ ಜಾಗ.

ಇಲ್ಲಿಗೇ ಮುಗಿದಿದ್ದರೆ ಕತೆ ಸರಳವಾಗಿರುತ್ತಿತ್ತು. ಆದರೆ ಅದೇ ಶಾಸನ ಕುಂದವರ್ಮನನ್ನು ವರ್ಣಿಸುವಾಗ, ಚಂದ್ರನನ್ನು ತಲೆಯಲ್ಲಿ ಧರಿಸಿದವನ ಪಾದಕಮಲಕ್ಕೆ ಎರಗಿದ ದುಂಬಿ ಅನ್ನುತ್ತದೆ. ಅಂದರೆ ರಾಜ ಶಿವಭಕ್ತ! ಶಿವಭಕ್ತ ರಾಜ, ಬೌದ್ಧ ವಿಹಾರ, ಬೋಧಿಸತ್ವನ ಮೂರ್ತಿ, ಮೂರೂ ಒಂದೇ ಶಾಸನದಲ್ಲಿ. ಇದನ್ನು ಓದಿದ ದಿನ ನನಗೆ ನಿದ್ದೆ ಬಂದದ್ದು ತಡವಾಗಿ.

ಯಾಕೆ ಅಂದರೆ, ಕದ್ರಿಯ ಬಗ್ಗೆ ನನಗೆ ಬಂದಿರುವ ಫಾರ್ವರ್ಡುಗಳು ಎರಡೇ ಥರ. ಒಂದು, "ಬೌದ್ಧರ ದೇವಸ್ಥಾನ ಕಿತ್ತುಕೊಂಡರು" ಅನ್ನುವುದು. ಇನ್ನೊಂದು, "ಬೌದ್ಧರು ಅಲ್ಲಿ ಇರಲೇ ಇಲ್ಲ, ಎಲ್ಲ ಸುಳ್ಳು" ಅನ್ನುವುದು. ಎರಡನೆಯದಕ್ಕೆ ಪೀಠದ ಅಕ್ಷರಗಳೇ ಉತ್ತರ. ಮೊದಲನೆಯದಕ್ಕೆ ಆ ಶಾಸನದಲ್ಲಿ ಆಧಾರವಿಲ್ಲ, 968ರಲ್ಲಿ ಅಲ್ಲಿ ನಡೆದದ್ದು ಪ್ರತಿಷ್ಠೆ.

ಕದ್ರಿ ಒಂಟಿಯೂ ಅಲ್ಲ. ಮಸ್ಕಿ, ಬ್ರಹ್ಮಗಿರಿಯ ಅಶೋಕನ ಶಾಸನಗಳನ್ನು ಸ್ಕೂಲಿನಲ್ಲೇ ಓದಿದ್ದೇವೆ. ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ದೊಡ್ಡ ಸ್ತೂಪವೇ ಸಿಕ್ಕಿತು. ಐಹೊಳೆಯ ಮೇಗುತಿ ಬೆಟ್ಟದಲ್ಲಿ ಎರಡಂತಸ್ತಿನ ಬೌದ್ಧ ಗುಡಿಯಿದೆ. ಬಳ್ಳಿಗಾವೆಯಲ್ಲಿ 1065ರಲ್ಲಿ ಹೊಸ ವಿಹಾರ ಕಟ್ಟಿಸಿದ್ದಕ್ಕೆ ಶಾಸನವಿದೆ. ಡಂಬಳದ 1095ರ ಶಾಸನದಲ್ಲಿ ತಾರಾದೇವಿಯ ಗುಡಿಯೂ ವಿಹಾರವೂ ಬರುತ್ತವೆ, ಕಟ್ಟಿಸಿದವರು ಊರಿನ ಸೆಟ್ಟಿಗಳು. ಅಶೋಕನ ನಂತರವೂ ಸಾವಿರದ ಮುನ್ನೂರು ವರ್ಷ ಕನ್ನಡ ನಾಡಿನಲ್ಲಿ ಬೌದ್ಧರು ಬಾಳಿದ್ದಾರೆ. ಪಠ್ಯಪುಸ್ತಕದಲ್ಲಿ ಅಶೋಕನ ಪುಟ ಮುಗಿಯುತ್ತಲೇ ಅವರೂ ಮುಗಿದುಹೋಗುತ್ತಾರೆ, ಅಷ್ಟೇ.

ಈಗ ಹೆಸರಿನ ವಿಷಯ. ಮಂಜುಘೋಷ, ಮಂಜುನಾಥ ಇವು ಬೋಧಿಸತ್ವ ಮಂಜುಶ್ರೀಯ ಹೆಸರುಗಳು. 8ನೇ ಶತಮಾನದ ಶಾಂತಿದೇವನ 'ಬೋಧಿಚರ್ಯಾವತಾರ'ದಲ್ಲಿ ಮಂಜುನಾಥ ಎಂಬ ಹೆಸರೇ ಇದೆ. ನಮ್ಮ ಶಿವನಿಗೆ ಈ ಹೆಸರು ಬೌದ್ಧರ ಕಡೆಯಿಂದ ಬಂತು ಅಂತ ಮಂಜೇಶ್ವರದ ಗೋವಿಂದ ಪೈಗಳು ವಾದಿಸಿದ್ದರು. ವಾದ ಬಲವಾಗಿಯೇ ಇದೆ. ಆದರೆ ಕುಂದವರ್ಮನ ಶಾಸನ ಹೇಳುವುದು ಲೋಕೇಶ್ವರ ಅಂತ. ಲೋಕೇಶ್ವರ ಬೇರೆ, ಮಂಜುಶ್ರೀ ಬೇರೆ. ಹಾಗಾಗಿ ನಡುವೆ ಒಂದು ಕೊಂಡಿ ಬೇಕು.

ಆ ಕೊಂಡಿ ನಾಥಪಂಥ ಇರಬಹುದು ಅಂತ ನನಗೆ ಅನ್ನಿಸುತ್ತದೆ. ಕದ್ರಿಯಲ್ಲಿ ಮತ್ಸ್ಯೇಂದ್ರನಾಥ, ಗೋರಖನಾಥರ ಮೂರ್ತಿಗಳಿವೆ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಕುಂಭಮೇಳದ ನಂತರ ಜೋಗಿಗಳು ತ್ರ್ಯಂಬಕದಿಂದ ತಿಂಗಳುಗಟ್ಟಲೆ ನಡೆದು ಬಂದು ಕದ್ರಿ ಮಠಕ್ಕೆ ಹೊಸ 'ಅರಸ'ನನ್ನು ಕೂರಿಸುತ್ತಾರೆ. ಹಿಂದಿನ ಸಲ ಅದು ನಡೆದದ್ದು 2016ರಲ್ಲಿ. ಇನ್ನು ನೇಪಾಳದ ಪಾಟಣಕ್ಕೆ ಹೋದರೆ ಮಜಾ ನೋಡಿ: ಅಲ್ಲಿ ರಥದಲ್ಲಿ ಮೆರವಣಿಗೆ ಹೋಗುವ ಕೆಂಪು ದೇವರನ್ನು ಬೌದ್ಧರು ಲೋಕೇಶ್ವರ ಅಂತಲೂ ಹಿಂದೂಗಳು ಮತ್ಸ್ಯೇಂದ್ರನಾಥ ಅಂತಲೂ ಪೂಜಿಸುತ್ತಾರೆ. ದೇವರು ಒಂದೇ, ರಥ ಒಂದೇ, ಎಳೆಯುವವರು ಇಬ್ಬರೂ. ಲೋಕೇಶ್ವರ ಮತ್ತು ಮತ್ಸ್ಯೇಂದ್ರನಾಥ ಕದ್ರಿಯಲ್ಲೂ ಅಕ್ಕಪಕ್ಕ ಇರುವುದು ಆಕಸ್ಮಿಕ ಅಂತ ನಂಬುವುದು ನನಗೆ ಕಷ್ಟ.

ಆದರೂ ಒಂದು ಮಾತು. "ಎಲ್ಲರೂ ಸೌಹಾರ್ದದಿಂದ ಇದ್ದರು" ಅಂತ ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಒಪ್ಪುವುದಿಲ್ಲ. ಆ ವಿಹಾರದಲ್ಲಿ ಇದ್ದ ಭಿಕ್ಷುಗಳ ಒಂದು ಹೆಸರೂ ಇಂದು ಜನರ ಬಾಯಲ್ಲಿಲ್ಲ. ಅವರು ಓದಿದ ಒಂದು ಓಲೆಗರಿಯೂ ಅಲ್ಲಿಲ್ಲ. ಅವರ ಗುಹೆಗಳೇ ಇರಬಹುದಾದ ಜಾಗ ಪಾಂಡವರ ಹೆಸರಿಗೆ ಹೋಯಿತು. ಗುಡಿ ಉಳಿಯಿತು, ಮೂರ್ತಿ ಉಳಿಯಿತು, ದಿನವೂ ದೀಪ ಹಚ್ಚುವವರು ಉಳಿದರು. ಆದರೆ ಇದು ಯಾರು ಅಂತ ಗೊತ್ತಿದ್ದವರು ಉಳಿಯಲಿಲ್ಲ. ಇದೂ ಒಂದು ನಷ್ಟವೇ. ಪೀಠದ ಮೇಲೆ ಅಕ್ಷರ ಇಲ್ಲದಿದ್ದರೆ ಇವತ್ತು ನಾವು ಜಗಳವನ್ನೂ ಆಡುತ್ತಿರಲಿಲ್ಲ.

ಊರಿಗೆ ಹೋದಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಮುಡಿಪು ಎತ್ತಿಟ್ಟಿದೀನಲ್ಲ, ಅದು ಎಲ್ಲಿಗೆ ಹಾಕೋದಪ್ಪ?" ಅಂದಳು. ಧರ್ಮಸ್ಥಳಕ್ಕೇ ಹಾಕಮ್ಮ, ಅಂದೆ. ಅಲ್ಲಿ ದೇವರು ಶಿವ, ಪೂಜೆ ಮಾಡುವವರು ಮಾಧ್ವರು, ಧರ್ಮಾಧಿಕಾರಿಗಳು ಜೈನರು. ಅದು ಅಮ್ಮನಿಗೆ ಮೊದಲಿನಿಂದಲೂ ಗೊತ್ತು, ಆಶ್ಚರ್ಯವೇನೂ ಇಲ್ಲ. "ಇವನಿಗೂ ಒಂದು ಕೈ ಮುಗಿದು ಬಂದೆ ತಾನೆ?" ಅಂತ ಮಾತ್ರ ಕೇಳಿದಳು. ಮುಗಿದಿದ್ದೆ.

ಅಷ್ಟು ದೂರ ಯಾಕೆ, ನಮ್ಮ ನಂದಿಯ ಪಕ್ಕದ ಗೋಪಿನಾಥ ಬೆಟ್ಟದಲ್ಲೇ ಜೈನ ಚೈತ್ಯವನ್ನು ಹೊಗಳುವ ಹಳೆಯ ಶಾಸನವಿದೆ. ಬೆಟ್ಟಕ್ಕೆ ಇರುವ ಹೆಸರು ಮಾತ್ರ ಕೃಷ್ಣನದು. ಭಾನುವಾರ ನಂದಿಗೆ ಹೋಗಿ ಮೋಡದ ಫೋಟೋ ತೆಗೆದು ವಾಪಸ್ ಬರುವ ನಾವು ಇನ್ನೊಂದರ್ಧ ಗಂಟೆ ಆ ಕಡೆಗೂ ಹೋಗಬಹುದು. ನಿಮ್ಮೂರಿನ ಗುಡಿಯ ಪೀಠದ ಮೇಲೂ ಎಣ್ಣೆ ಜಿಡ್ಡಿನ ಕೆಳಗೆ ಅಕ್ಷರ ಇದ್ದರೆ, ಕೈ ಮುಗಿದ ಮೇಲೆ ಒಮ್ಮೆ ಬಗ್ಗಿ ನೋಡಿ. ಓದಲು ಬಾರದಿದ್ದರೆ ಬಲ್ಲವರಿಗೆ ತೋರಿಸಿ. ಜೀರ್ಣೋದ್ಧಾರದ ಹೆಸರಿನಲ್ಲಿ ಗ್ರಾನೈಟ್ ಹಾಕುವ ಮೊದಲು ಈ ಕೆಲಸ ಆಗಲಿ.