ಪಾಚಿಯ ಸಾರ, ನೀರಿನ ಭಾರ

ಮೆಕ್ಸಿಕೊದ ಟೆಕ್ಸ್‌ಕೊಕೊ ಸರೋವರದಲ್ಲಿ ತೇಲುತ್ತಿದ್ದ ಸ್ಪಿರುಲಿನಾ ಪಾಚಿಯನ್ನು ಆಜ್ಟೆಕ್ ಜನ ಬಲೆಯಲ್ಲಿ ಸೋಸಿ, ಬಿಸಿಲಿಗೆ ಒಣಗಿಸಿ, ಬಿಲ್ಲೆ ಮಾಡಿ ಮಾರುತ್ತಿದ್ದರು. ಆಫ್ರಿಕದ ಚಾಡ್ ಸರೋವರದ ಬಳಿ ಕನೆಂಬು ಹೆಂಗಸರು ಅದನ್ನು ಮರಳಿನ ಮೇಲೆ ಹರವಿ ‘ದಿಹೆ’ ಎಂಬ ಬಿಲ್ಲೆ ಮಾಡುವುದು ಇಂದಿಗೂ ಉಂಟು. ಇಡೀ ಪಾಚಿಯನ್ನೇ ತಿನ್ನುವವರಿಗೆ ಬಿಸಿಲು ಸಾಕಾಗಿತ್ತು. ಅದರೊಳಗಿನ ಬಣ್ಣವೋ ಎಣ್ಣೆಯೋ ಮಾತ್ರ ಬೇಕೆಂದಾಗ ದ್ರಾವಕಗಳ ಅಗತ್ಯ ಬಿತ್ತು.

1959ರಲ್ಲಿ ಕೆನಡಾದ ಬ್ಲೈ ಮತ್ತು ಡೈಯರ್ ಮೀನಿನ ಕೊಬ್ಬನ್ನು ಬೇರ್ಪಡಿಸಲು ಕ್ಲೋರೊಫಾರ್ಮ್ ಹಾಗೂ ಮೆಥನಾಲ್ ಬೆರೆಸುವ ವಿಧಾನವನ್ನು ಪ್ರಕಟಿಸಿದರು. ಪಾಚಿಯ ಪ್ರಯೋಗಾಲಯಗಳೂ ಅದನ್ನೇ ಹಿಡಿದವು. ಎರಡೂ ವಿಷಕಾರಿ. ದೊಡ್ಡ ಪ್ರಮಾಣದ ಕೆಲಸಕ್ಕೆ ಪೆಟ್ರೋಲಿಯಂನಿಂದ ಬರುವ ಹೆಕ್ಸೇನ್ ಒದಗಿತು. ಸುಮಾರು 69 ಡಿಗ್ರಿಯಲ್ಲೇ ಕುದಿಯುವುದರಿಂದ ಅದನ್ನು ಮರಳಿ ಪಡೆಯುವುದು ಸುಲಭ. ಆದರೆ ಸೋರಿದ ಆವಿ ಹೊಗೆಮಂಜಿಗೆ ಕಾರಣವಾಗುತ್ತದೆ, ದೀರ್ಘಕಾಲ ಉಸಿರಾಡಿದ ಕಾರ್ಮಿಕರ ನರಗಳನ್ನು ಕೆಡಿಸುತ್ತದೆ.

ಬದಲಿ ದಾರಿ ಕಾಫಿಯಿಂದ ಬಂತು. 1960ರ ದಶಕದಲ್ಲಿ ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಕುರ್ಟ್ ಝೋಸೆಲ್, ಒತ್ತಡದ ಇಂಗಾಲದ ಡೈಆಕ್ಸೈಡ್‌ನಿಂದ ಕಾಫಿ ಬೀಜದ ಕೆಫೀನ್ ತೆಗೆಯಬಹುದೆಂದು ತೋರಿಸಿದರು. 31 ಡಿಗ್ರಿ ಉಷ್ಣತೆ, 74 ಬಾರ್ ಒತ್ತಡ ದಾಟಿದರೆ ಈ ಅನಿಲ ಗಾಳಿಯಂತೆ ಒಳನುಗ್ಗಿ ದ್ರವದಂತೆ ಕರಗಿಸಬಲ್ಲದು. ಒತ್ತಡ ಇಳಿಸಿದರೆ ಸಾರವನ್ನು ಬಿಟ್ಟು ಹೊರಟುಹೋಗುತ್ತದೆ. ಹೆಮಟೊಕೊಕಸ್ ಪಾಚಿಯ ಕೆಂಪು ಅಸ್ಟಾಕ್ಸಾಂಥಿನ್ ಇಂದು ಬಹುಮಟ್ಟಿಗೆ ಹೀಗೆಯೇ ಬರುತ್ತದೆ. ವಿಷದ ಶೇಷ ಉಳಿಯದಿರುವುದು ದೊಡ್ಡ ಗೆಲುವೇ. ಆದರೆ ಆ ಪಾಚಿಯ ಗಟ್ಟಿ ಕೋಶಭಿತ್ತಿಯನ್ನು ಮೊದಲು ಅರೆಯಬೇಕು, ಒಣಗಿಸಬೇಕು, ನೂರಾರು ಬಾರ್ ಒತ್ತಡ ಕೊಡಬೇಕು. ಅದಕ್ಕೆ ಬೇಕಾದ ವಿದ್ಯುತ್ತು ಕಲ್ಲಿದ್ದಲಿನದಾದರೆ ಮಾಲಿನ್ಯ ಕಾರ್ಖಾನೆಯಿಂದ ವಿದ್ಯುತ್ ಸ್ಥಾವರಕ್ಕೆ ಜಾಗ ಬದಲಿಸುತ್ತದೆ, ಅಷ್ಟೆ.

ನಿಜವಾದ ಹೊರೆ ನೀರಿನದು. ತೆರೆದ ಕೊಳದ ಒಂದು ಲೀಟರಿನಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಗ್ರಾಂ ಆಸುಪಾಸಿನ ಒಣಪಾಚಿ. ಹಿಂಡಿದ ಮುದ್ದೆಯಲ್ಲಿ ಐದನೆಯ ಒಂದು ಪಾಲು ಪಾಚಿ ಎಂದುಕೊಂಡರೂ, ಒಂದು ಕಿಲೊ ಒಣಪುಡಿಗಾಗಿ ನಾಲ್ಕು ಕಿಲೊ ನೀರು ಆವಿಯಾಗಬೇಕು. ಅದಕ್ಕೇ ಕನಿಷ್ಠ 9 ಮೆಗಾಜೂಲ್ ಶಾಖ ಬೇಕು. ಕ್ಲೊರೆಲ್ಲಾ ಪಾಚಿಯ ಡೀಸೆಲ್‌ನ ಜೀವನಚಕ್ರವನ್ನು 2009ರಲ್ಲಿ ಲೆಕ್ಕಹಾಕಿದ ಫ್ರಾನ್ಸಿನ ಲೋರಾಂ ಲಾರ್ದೋಂ ತಂಡವೂ ಒಣಗಿಸುವುದನ್ನು ಬಿಟ್ಟು, ಹಸಿ ಪಾಚಿಯಿಂದಲೇ ಎಣ್ಣೆ ತೆಗೆಯುವ ದಾರಿಯತ್ತ ಬೆರಳು ತೋರಿಸಿತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೇ ತೊಡಕನ್ನು 1970ರ ದಶಕದ ಭಾರತ–ಜರ್ಮನಿ ಯೋಜನೆಯಲ್ಲಿ ಎದುರಿಸಿತ್ತು: ಸೀನೆಡೆಸ್ಮಸ್ ಪಾಚಿಯ ಗಡಸು ಭಿತ್ತಿ ಒಡೆದು ಒಣಗಿಸಲು ಬಿಸಿ ಉರುಳೆ ಬೇಕಾಗಿತ್ತು, ಸೆಲ್ಯುಲೋಸ್ ಇಲ್ಲದ ಸ್ಪಿರುಲಿನಾಗೆ ಬಿಸಿಲೇ ಸಾಕಾಗಿತ್ತು.

ಹೀಗಾಗಿ ಪಾಚಿಯ ಗುಣವನ್ನು ನೋಡಿ ವಿಧಾನ ಆರಿಸಿದ ಕಡೆಯೇ ಹೊರೆ ಕಡಿಮೆ. ಉಪ್ಪುನೀರಿನ ಡುನಾಲಿಯೆಲ್ಲಾಗೆ ಗಟ್ಟಿ ಭಿತ್ತಿಯೇ ಇಲ್ಲ. ಅದರ ಬೀಟಾ ಕ್ಯಾರೊಟೀನನ್ನು ಖಾದ್ಯತೈಲಕ್ಕೇ ಇಳಿಸಿದರೆ ದ್ರಾವಕ ಬೇರ್ಪಡಿಸುವ ಕೆಲಸವೇ ತಪ್ಪುತ್ತದೆ. ಸ್ಪಿರುಲಿನಾದ ನೀಲಿ ಫೈಕೊಸಯನಿನ್ ನೀರಿನಲ್ಲೇ ಕರಗುತ್ತದೆ. ಆ ನೀಲಿಯನ್ನು ಮಿಠಾಯಿಗೆ ಬಳಸಲು ಅಮೆರಿಕ 2013ರಲ್ಲಿ ಒಪ್ಪಿಗೆ ಕೊಟ್ಟಿತು.