ಪಠ್ಯ ಒಂದು, ನೆನಪು ಹಲವು

ತುಮಕೂರು ಕಂದಾಯ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಆಂಧ್ರಪ್ರದೇಶದ ನಡುವೆ ಚಾಚಿಕೊಂಡಿರುವ ಪಾವಗಡದಲ್ಲಿ ಅನೇಕ ಮಕ್ಕಳ ಮನೆಮಾತು ತೆಲುಗು. ಶಿರಾ ಪಟ್ಟಣದಲ್ಲಿ ಉರ್ದು ಮನೆಗಳಿವೆ. ಹಟ್ಟಿಗಳ ಕಾಡುಗೊಲ್ಲ ಮಕ್ಕಳಿಗೆ ಜುಂಜಪ್ಪನ ಕಾವ್ಯವೇ ಮೊದಲ ಚರಿತ್ರೆ. ಬೋಧನಾ ಮಾಧ್ಯಮ ಬೇರೆಯಾದರೂ ರಾಜ್ಯ ಪಠ್ಯಕ್ರಮದ ಸಮಾಜ ವಿಜ್ಞಾನ ಎಲ್ಲರಿಗೂ ಒಂದೇ.

ಇತಿಹಾಸ ಬೋಧನೆಯ ತೊಡಕು ಶಿರಾದಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ. ರತ್ನಗಿರಿಯ ರಂಗಪ್ಪ ನಾಯಕ ಆರಂಭಿಸಿದ ಕೋಟೆ 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ವಶವಾಯಿತು. 1687ರಲ್ಲಿ ಊರು ಮೊಗಲರ ಸುಬಾದ ಕೇಂದ್ರವಾಯಿತು. 1761ರಲ್ಲಿ ಹೈದರ್ ಅಲಿ, 1766ರಲ್ಲಿ ಮರಾಠರು, 1774ರಲ್ಲಿ ಟಿಪ್ಪು ಅದನ್ನು ಗೆದ್ದುಕೊಂಡರು. ಇವರಲ್ಲಿ ನಮ್ಮವರು ಯಾರೆಂದು ವಿದ್ಯಾರ್ಥಿ ಕೇಳಿದರೆ ಇಸವಿಗಳ ಪಟ್ಟಿ ಉತ್ತರವಾಗಲಾರದು.

ಶ್ರೀರಂಗಪಟ್ಟಣದ ಗಂಜಾಂ ಬಡಾವಣೆಯನ್ನು ತುಂಬಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಒಯ್ದನೆಂದು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಬರೆದಿದ್ದಾರೆ. ರೈಸ್ ಬ್ರಿಟಿಷ್ ಆಡಳಿತದ ಅಧಿಕಾರಿ. ಆ ಸಂಖ್ಯೆ ಎಲ್ಲಿಂದ ಬಂತೆಂದು ಮಕ್ಕಳು ಕೇಳಲೇಬೇಕು. ಹಾಗೆಂದು ಊರು ಬಿಟ್ಟವರ ಸಂಕಟವನ್ನು ಪಾಠದಿಂದ ಕೈಬಿಡುವುದು ಸರಿಯಲ್ಲ. ಮಲಿಕ್ ರಿಹಾನನ ದರ್ಗಾ, 1696ರ ಜುಮ್ಮಾ ಮಸೀದಿ, ಕೋಟೆಯ ಕಂದಕ ಎಲ್ಲವೂ ಶಿರಾದಲ್ಲೇ ಇವೆ; ಇವುಗಳನ್ನು ತೋರಿಸಲು ದೂರದ ಪ್ರವಾಸವೇನೂ ಬೇಕಿಲ್ಲ.